ಸೂತಕದ ಮನೆಯ ಬ್ರೌನಿ

ಆನೆಕೊಂಡದ ಆ ಓಣಿಯಲ್ಲಿ ಓಬವ್ವನ ಮಾತು ಬಾರದೆ ನಲ್ಲಿಯ ಕೊಡ ತುಂಬುತ್ತಿರಲಿಲ್ಲ. "ಮಗಳು ಮಣ್ಣಾಗಿ ತಿಂಗ್ಳಾಗಿಲ್ಲ, ಆಗ್ಲೇ ಬೆಣ್ಣೆ ಕಾಸ್ತಾಳೆ ನೋಡ್ರಿ" ಎಂದು ಒಬ್ಬಳು ಅಂದರೆ, "ಸತ್ತ ಮನ್ಯಾಗೆ ಅಳೋ ಸದ್ದು ಬರ್ಬೇಕು, ಇವಳ ಮನ್ಯಾಗೆ ಸಕ್ಕರಿ ಬೇಯೋ ವಾಸನೆ ಬರ್ತತೆ" ಎಂದು ಇನ್ನೊಬ್ಬಳು ಕೊಡವನ್ನು ಸೊಂಟಕ್ಕೇರಿಸುತ್ತಿದ್ದಳು. "ಅದೇನು ಹೆತ್ತ ಹೊಟ್ಟೆಯೋ ಭಟ್ಟಿ ಮರಳೋ, ಏನು ಬಿದ್ರೂ ಅರಳ್ತತೆ" ಎಂದು ಮೂರನೆಯವಳು. ಆಮೇಲೆ ನಗು.

ಹಾಗೆ ಆಡಿಕೊಂಡವರು ಕೆಟ್ಟವರೇನಲ್ಲ. ಅವರು ನಡೆಸಿಕೊಂಡು ಬಂದ ಕಟ್ಟಳೆ ಹಾಗಿದೆ. ಮನೆಯಲ್ಲಿ ಸಾವಾದರೆ ವರ್ಷ ತುಂಬುವ ತನಕ ಅಲ್ಲಿ ಸಿಹಿ ಮಾಡುವುದಿಲ್ಲ. ದೀಪಾವಳಿ ಬರಲಿ ಯುಗಾದಿ ಬರಲಿ, ಹೋಳಿಗೆಗೆ ಬೇಳೆ ಬೇಯುವುದಿಲ್ಲ. ಮಾಡಿದರೂ ಮುಟ್ಟುವವರಿಲ್ಲ. ಅದರಲ್ಲೂ ಮದುವೆ, ತೊಟ್ಟಿಲು, ಬಸುರಿಗೆ ಹಸಿರು ಬಳೆ ತೊಡಿಸುವ ಕುಬಸ ಇಂಥ ಮನೆಗಳಿಗೆ ಸೂತಕದ ಮನೆಯ ಸಿಹಿ ಹೋದರೆ ಕೇಡೂ ಅದರ ಜೊತೆಗೇ ಹೋಗುತ್ತದೆ ಎನ್ನುತ್ತಾರೆ. ಓಬವ್ವನೂ ಇದನ್ನು ನಂಬಿದವಳೇ. ಮೊದಲೇ ಹೇಳಿಬಿಡುತ್ತೇನೆ, ಅವಳು ನಂಬದವಳಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವಳ ಗಂಡ ಲಾರಿಗೆ ಮೂಟೆ ಹೇರುವ ಹಮಾಲಿ. ಮಗಳು ರಶ್ಮಿ ಮೂರು ವರ್ಷದವಳಿದ್ದಾಗ ತೀರಿಕೊಂಡ. ಅಂದಿನಿಂದ ಓಬವ್ವ ಮಂಡಕ್ಕಿ ಭಟ್ಟಿಯಲ್ಲಿ ನಿಂತಳು, ಇಪ್ಪತ್ತು ವರ್ಷ. ಕಾದ ಮರಳಿಗೆ ಬಿದ್ದ ಕೂಡಲೇ ಅಕ್ಕಿ ಅರಳಬೇಕು. ಕಾವು ಕಮ್ಮಿಯಾದರೆ ಹಲ್ಲಿಗೆ ಸಿಗುತ್ತದೆ, ಹೆಚ್ಚಾದರೆ ಕರಕಲು. ಓಬವ್ವ ಮರಳಿನ ಮೇಲೆ ಅಂಗೈ ಹಿಡಿದೇ ಹದ ಹೇಳುತ್ತಿದ್ದಳು. ಹೊಗೆ ಕುಡಿದು ಕುಡಿದು ಎದೆಯಲ್ಲಿ ಕೆಮ್ಮು ಕೂತ ಮೇಲೆ, "ಸಾಕು ಬಿಡವ್ವ" ಎಂದು ಮಗಳೇ ಆ ಕೆಲಸ ಬಿಡಿಸಿದಳು.

ರಶ್ಮಿ ಪಿ.ಜೆ. ಬಡಾವಣೆಯ ಒಂದು ಬೇಕರಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಒಳಗಿನವರ ಕೈ ನೋಡಿ ನೋಡಿ ಕಲಿತು, ಯಾರೋ ಮಾರಿದ ಹಳೆಯ ಓವನ್ ಒಂದನ್ನು ಮನೆಗೆ ತಂದಳು. ಅದರ ಕಾವಿನ ಗುಂಡಿ ಕೆಟ್ಟಿತ್ತು. "ಗುಂಡಿ ಯಾಕ ಬೇಕು, ನಿನ್ನ ಕೈ ಐತಲ್ಲ" ಎಂದು ತಾಯಿಯನ್ನು ಅದರ ಮುಂದೆ ಕೂರಿಸಿದಳು. ಓಬವ್ವ ಬಾಗಿಲು ತೆರೆದು ಅಂಗೈ ಒಡ್ಡಿ "ಈಗ ಇಡು" ಎಂದರೆ ತಟ್ಟೆ ಒಳಗೆ, "ತೆಗಿ" ಎಂದರೆ ಹೊರಗೆ. ವಾಟ್ಸಾಪಿನಲ್ಲಿ ಆರ್ಡರ್ ಬರುತ್ತಿತ್ತು, ಕೊಂಡವರು ಆಟೊ ಕಳಿಸಿ ಡಬ್ಬಿ ತರಿಸಿಕೊಳ್ಳುತ್ತಿದ್ದರು.

ಕೋಕೋ ಪುಡಿ, ಚಾಕೊಲೇಟು ಹಾಕಿದ್ದು ಬ್ರೌನಿ. ಅವಿಲ್ಲದೆ, ಬೆಣ್ಣೆಯನ್ನು ತುಪ್ಪವಾಗುವುದಕ್ಕೆ ತುಸು ಮುಂಚೆ ಇಳಿಸಿ, ಬೆಲ್ಲದ ಪುಡಿ ಕಲಸಿ, ಬಿಳಿ ಚಾಕೊಲೇಟಿನ ಚೂರು ಉದುರಿಸಿದ್ದು ಬ್ಲಾಂಡಿ. ಓಬವ್ವನ ಬಾಯಲ್ಲಿ ಅವು ಕರೀದು ಮತ್ತು ಬಿಳೀದು. ಮೊಟ್ಟೆಯ ಬದಲು ಮೊಸರು. ಮೇಲೆ ಕಾಗದದಂಥ ಪದರ ಬಿರಿಯಬೇಕು, ನಡುವೆ ಕಡ್ಡಿ ಚುಚ್ಚಿದರೆ ತುಸು ಹಸಿ ಅಂಟಿಕೊಂಡು ಬರಬೇಕು. "ಪೂರ್ತಿ ಬೇಯಿಸ್ಬಾರ್ದವ್ವ, ಬೆಂದ್ರೆ ಕೇಕಾಗ್ತತೆ" ಎಂದು ರಶ್ಮಿ ಹೇಳಿದರೆ, "ಹಸಿಹಿಟ್ಟು ತಿನ್ನಾಕೆ ಆಟೊ ಕಳಿಸ್ತಾರಲ್ಲೇ ಜನ, ಅವರ ಮನ್ಯಾಗೆ ಒಲೆ ಇಲ್ಲೇನು?" ಎಂದು ಓಬವ್ವ ನಗುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ರಶ್ಮಿಗೆ ಜ್ವರ ಬಂತು. ಡೆಂಗಿ. ಐದನೇ ದಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಳು. ಇಪ್ಪತ್ತಾರು ವಯಸ್ಸು, ಇನ್ನೂ ಮದುವೆಯಾಗಿರಲಿಲ್ಲ. ಮಣ್ಣು ಮಾಡಲು ಬಂದವರು ಓಣಿಯ ಜನ ಮತ್ತು ಕೊಕ್ಕನೂರಿನಿಂದ ಓಬವ್ವನ ತಮ್ಮ ಕಾಟಪ್ಪ, ಅಷ್ಟೇ. ಮೂರು ದಿನ ಪಕ್ಕದ ಮನೆಯ ಮಾಬೂಬೀ ಅನ್ನ ಸಾರು ತಂದಿಟ್ಟಳು. ಓಬವ್ವ ಉಂಡಳು. ಅಳಲಿಲ್ಲ.

ಒಂಬತ್ತನೇ ದಿನ ರಶ್ಮಿಯ ಫೋನು ಸದ್ದು ಮಾಡಿತು. ಪಿ.ಜೆ. ಬಡಾವಣೆಯ ಒಬ್ಬ ಹೆಂಗಸು ವಾಟ್ಸಾಪಿನಲ್ಲಿ ದನಿ ಕಳಿಸಿದ್ದಳು: "ರಶ್ಮಿ, ನಾಡಿದ್ದು ಮಗನ ಬರ್ತ್‌ಡೇ ಕಣಮ್ಮ, ಒಂದು ಡಜನ್ ಬ್ರೌನಿ ಬೇಕು."

ಇಲ್ಲ ತಾಯಿ, ರಶ್ಮಿ ಹೋದಳು ಎಂದು ತಿಳಿಸಬೇಕೆಂದೇ ಓಬವ್ವ ಫೋನು ಕೈಗೆತ್ತಿಕೊಂಡದ್ದು. ಎಲ್ಲಿ ಒತ್ತಬೇಕೆಂದು ತಿಳಿಯದೆ ಬೆರಳಾಡಿಸುತ್ತಿರುವಾಗ, ಮಗಳು ಹಿಂದೆಂದೋ ಅದೇ ಹೆಂಗಸಿಗೆ ಕಳಿಸಿದ್ದ ದನಿ ತಾನಾಗಿ ತೆರೆದುಕೊಂಡಿತು. "ಆಯ್ತ್ರಿ ಅಕ್ಕಾ, ನಾಳೆ ನಾಕು ಗಂಟಿಗೆ ರೆಡಿ ಇರ್ತತೆ, ಆಟೊ ಕಳಿಸ್ರಿ."

ಮನೆಯೊಳಗೆ ರಶ್ಮಿ ಮಾತಾಡಿದಳು. ಓಬವ್ವ ತಿರುಗಿ ನೋಡಿದಳು ಕೂಡ.

ಒಮ್ಮೆ ಕಳಿಸಿದ ದನಿಯನ್ನು ಇನ್ನೊಮ್ಮೆ ಕಳಿಸುವುದು ಹೇಗೆಂದು ಮಗಳು ಹಿಂದೊಮ್ಮೆ ತೋರಿಸಿದ್ದು ನೆನಪಾಯಿತು. ಬೇಕಾದದ್ದು ನಾಡಿದ್ದಿಗೆ, ಮಗಳ ದನಿ ನಾಳೆ ಅನ್ನುತ್ತಿತ್ತು. ಅದಕ್ಕೆ ಓಬವ್ವ ಒಂದು ದಿನ ತಡೆದು ಮರುದಿನ ಕಳಿಸಿದಳು. ಕೂಡಲೇ ಉತ್ತರ ಬಂತು: "ಥ್ಯಾಂಕ್ಯೂ ರಶ್ಮಿ."

ಊರಿನ ಇನ್ನೊಂದು ಕಡೆ ಒಬ್ಬ ಹೆಂಗಸಿನ ಪಾಲಿಗೆ ರಶ್ಮಿ ಇನ್ನೂ ಬದುಕಿದ್ದಾಳೆ! ಓಬವ್ವ ಎದ್ದು ಬೆಣ್ಣೆ ಕಾಯಿಸಲು ಇಟ್ಟಳು. ಆ ಹೆಸರು ಹಿಡಿದು ಕರೆಯುವವರು ಇರುವ ತನಕ ರಶ್ಮಿ ಪೂರ್ತಿ ಹೋಗಿಲ್ಲ. ಅವಳಿಗೆ ಉಳಿದದ್ದು ಅದೊಂದೇ, ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಫೋನಿನೊಳಗೆ ಹುಡುಕಿ ಮೂರು ದನಿಗಳನ್ನು ಗುರುತಿಟ್ಟುಕೊಂಡಳು. ಆಯ್ತ್ರಿ ಅಕ್ಕಾ ಎನ್ನುವುದು ಒಂದು. "ಈ ವಾರ ಆಗಲ್ರಿ ಅಕ್ಕಾ, ಬ್ಯಾರೆ ಆರ್ಡರ್ ಅದಾವೆ" ಎನ್ನುವುದು ಇನ್ನೊಂದು. "ಫ್ರಿಜ್ಜಿನಾಗೆ ಇಡಬ್ಯಾಡ್ರಿ, ಗಟ್ಟಿ ಆಗ್ತತೆ" ಎನ್ನುವುದು ಮತ್ತೊಂದು. ಊರು ಏನೇ ಕೇಳಲಿ, ಈ ಮೂರರಲ್ಲಿ ಒಂದು ಉತ್ತರ. ಕರೆ ಬಂದರೆ ಎತ್ತುತ್ತಿರಲಿಲ್ಲ. ಡಬ್ಬಿ ಒಯ್ಯಲು ಬಂದ ಆಟೊದವರಿಗೆ "ಮಗಳು ಒಳಗದಾಳೆ" ಎನ್ನುತ್ತಿದ್ದಳು. ಹುಟ್ಟುಹಬ್ಬ ಶಾಸ್ತ್ರದ್ದಲ್ಲ, ಆಫೀಸಿನ ಟೀ ಶಾಸ್ತ್ರದ್ದಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವನ್ನಷ್ಟೇ ಒಪ್ಪುತ್ತಿದ್ದಳು. ನಿಶ್ಚಿತಾರ್ಥ, ತೊಟ್ಟಿಲು ಎಂದವರಿಗೆಲ್ಲ ಆಗಲ್ರಿ ಅಕ್ಕಾ.

ಈ ದನಿಯ ಸಂಗತಿ ಮಾಬೂಬೀಗೆ ಮಾತ್ರ ಗೊತ್ತಾಯಿತು. ಗೋಡೆಯಾಚೆ ದಿನವೂ ಒಂದೇ ಮಾತು ಕೇಳಿದರೆ ಗೊತ್ತಾಗದಿರುತ್ತದೆಯೇ? "ಎಷ್ಟು ದಿನ ನಡಿಸ್ತೀಯವ್ವ ಇದನ್ನ?" ಎಂದಳು.

"ನಡಿಯೋಷ್ಟು ದಿನ."

"ಅವಳನ್ನ ಮಲಗಾಕೆ ಬಿಡು."

"ನಿನ್ನ ಮಗಳು ಮದ್ಲು ಮಲಗ್ಲಿ, ಆಮೇಲೆ ನಂಗೆ ಹೇಳು" ಎಂದುಬಿಟ್ಟಳು ಓಬವ್ವ. ಮಾಬೂಬೀ ಎದ್ದು ಹೋದಳು. ಮರುದಿನ ಬೆಳಿಗ್ಗೆ ಏನೂ ಆಗದವಳಂತೆ ಬಂದು ಕಸ ಗುಡಿಸಿಕೊಟ್ಟಳು.

ನಾಲ್ಕು ತಿಂಗಳು ಹೀಗೇ ನಡೆಯಿತು. ಆಗ ಲತಾಳ ದನಿ ಬಂತು.

ಲತಾ ಮತ್ತು ರಶ್ಮಿ ಬೇಕರಿಯಲ್ಲಿ ಒಂದೇ ಕೌಂಟರಿನವರು. ಮದುವೆಯಾಗಿ ಹರಿಹರಕ್ಕೆ ಹೋದ ಲತಾಳಿಗೆ ಎರಡು ಸಲ ಬಸುರು ಇಳಿದಿತ್ತು. ಮೂರನೆಯದು ನಿಂತಿತೆಂದು ತಿಂಗಳುಗಟ್ಟಲೆ ಮಲಗಿಸಿಯೇ ಇಟ್ಟಿದ್ದರು. ಹೀಗಾಗಿ ಯಾವ ಸುದ್ದಿಯೂ ಅವಳನ್ನು ಮುಟ್ಟಿರಲಿಲ್ಲ.

"ಏ ರಶ್ಮಿ, ಸತ್ತೇನೇ? ಒಂದು ಫೋನಿಲ್ಲ ಏನಿಲ್ಲ. ನಾಳೆ ನನ್ನ ಕುಬಸ ಕಣೇ. ಈ ಕೂಸು ನಿಂತೈತೆ! ಕರೀದು ನಲ್ವತ್ತು, ಬಿಳೀದು ನಲ್ವತ್ತು ಮಾಡ್ಕಂಡು ನೀನೇ ಬರ್ಬೇಕು."

ಓಬವ್ವ ಆಗಲ್ರಿ ಅಕ್ಕಾ ಕಳಿಸಿದಳು. ಅರೆಗಳಿಗೆಯಲ್ಲಿ ನಗುತ್ತ ಉತ್ತರ ಬಂತು: "ಯಾವಾಗಿಂದನೇ ನಾ ನಿಂಗೆ ಅಕ್ಕ ಆಗಿದ್ದು? ಹೊಟ್ಟೆ ದಪ್ಪ ಆತಂತ ಮರ್ಯಾದಿನಾ? ಆಗಲ್ಲ ಅಂದ್ರೆ ನಾನೇ ಈ ಹೊಟ್ಟೆ ಹೊತ್ಕಂಡು ಆಟೊದಾಗೆ ಆನೆಕೊಂಡಕ್ಕೆ ಬರ್ತೀನಿ ನೋಡು."

ಬಂದರೆ? ಗೋಡೆಯ ಮೇಲೆ ಹಾರ ಹಾಕಿದ ಪಟ ಇದೆ. ಓಣಿಯ ಬಾಯಿಗಳಿವೆ. ಓಬವ್ವ ಮಧ್ಯಾಹ್ನದ ತನಕ ಫೋನು ಹಿಡಿದು ಕೂತಳು. ಬಸುರಿಯ ಮನೆಗೆ ಈ ಕೈಯಿಂದ ಸಿಹಿ ಹೋಗಬಾರದು. ಹೋಗದಿದ್ದರೆ ಲತಾ ಬರುತ್ತಾಳೆ, ಬಂದರೆ ಮಗಳು ಮುಗಿದಳು. ಕೊನೆಗೆ ಆಯ್ತ್ರಿ ಅಕ್ಕಾ ಕಳಿಸಿದಳು. "ಮತ್ತೆ ಅಕ್ಕನಾ? ಆಟೊ ಗೀಟೊ ಇಲ್ಲ, ಬೆಳಿಗ್ಗೆನೇ ಬಾ" ಎಂದು ಲತಾ ನಕ್ಕಳು. ಬಾಗಿಲಲ್ಲೇ ಡಬ್ಬಿ ಕೊಟ್ಟು, ಹೊಸಿಲು ತುಳಿಯದೆ ಬಂದುಬಿಡುತ್ತೇನೆ ಎಂದುಕೊಂಡಳು. ಆವತ್ತು ಮೊದಲ ತಟ್ಟೆ ಅಡಿ ಹಿಡಿಯಿತು. ಕೈಗೆ ಕಾವು ಸರಿಯಾಗಿ ತಿಳಿಯಲಿಲ್ಲ.

ಮರುದಿನ ಭಾನುವಾರ, ಬೆಳಿಗ್ಗೆ ಹರಿಹರದ ಬಸ್ಸಿಳಿದು ಹೋದರೆ, ಬಾಗಿಲಲ್ಲೇ ಲತಾಳ ಅತ್ತೆ ಅಂಜಿನವ್ವ ನಿಂತಿದ್ದಳು. "ರಶ್ಮಿ ತಾಯಿ ಅಲ್ಲೇನ್ರಿ? ಬರ್ರಿ, ಒಳಗೆ ಬಂದು ಕೂಡ್ರಿ."

"ಬ್ಯಾಡ್ರಿ ಯಮ್ಮ, ಬಸ್ಸಿಗೆ ಹೊತ್ತಾಗ್ತತೆ."

"ಬಸ್ಸಿಗೇನು ಬರ ನಮ್ಮೂರಾಗೆ? ಎಡವಿದ್ರೆ ಬಸ್ಸಿನ ಮ್ಯಾಲೇ ಬೀಳ್ತೀರಿ" ಎಂದು ಕೈ ಹಿಡಿದು ಎಳೆದುಕೊಂಡೇ ಹೋದಳು.

ಲತಾ ಹಸಿರು ಸೀರೆಯುಟ್ಟು, ಮೊಣಕೈ ತನಕ ಹಸಿರು ಬಳೆ ತೊಟ್ಟು, ಜಡೆ ತುಂಬ ಹೂ ಮುಡಿದು ಕುರ್ಚಿಯಲ್ಲಿ ಕೂತಿದ್ದಳು. "ಅವ್ವಾ, ಎಲ್ಲಿ ಅವಳು?"

"ಜ್ವರ ಕಣವ್ವ."

"ಸುಳ್ಳು! ತಡಿ, ಬೈತೀನಿ ಅವಳಿಗೆ." ಲತಾ ಅಲ್ಲೇ ಫೋನು ಒತ್ತಿದಳು. ಓಬವ್ವನ ಕೈಚೀಲದೊಳಗೆ ರಶ್ಮಿಯ ಫೋನು ಹೊಡೆದುಕೊಂಡಿತು. ಹೆಂಗಸರೆಲ್ಲ ಅತ್ತ ತಿರುಗಿದರು.

"ಅಯ್ಯೋ, ಒಬ್ಳೇ ಹೊಂಟೀಯ, ದಾರಿಗೆ ಇರ್ಲಿ ಅಂತ ನನ್ನ ಕೈಗೆ ಕೊಟ್ಟು ಮಲಗ್ಯಾಳವ್ವ" ಎಂದಳು ಓಬವ್ವ. ಎಲ್ಲರೂ ನಕ್ಕರು. ಸುಳ್ಳು ದಕ್ಕಿತು.

ಅಷ್ಟಕ್ಕೆ ಮುಗಿದಿದ್ದರೆ ಓಬವ್ವ ಸೋಮವಾರ ಮತ್ತೆ ಬೆಣ್ಣೆ ಕಾಯಿಸುತ್ತಿದ್ದಳು. ಆದರೆ ಲತಾ ಡಬ್ಬಿ ತೆರೆದು ಬಿಳೀದೊಂದನ್ನು ಎತ್ತಿಕೊಂಡಳು. "ಶಾಸ್ತ್ರದ ಸಿಹಿ ಆಮ್ಯಾಲೆ. ಮದ್ಲು ನನ್ನ ರಶ್ಮಿ ಕೈದು." ಒಂದು ಕೈ ಹೊಟ್ಟೆಯ ಮೇಲಿತ್ತು. ಇನ್ನೊಂದು ಬಾಯಿಯ ಹತ್ತಿರ ಹೋಯಿತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಓಬವ್ವ ಹಾರಿಬಿದ್ದು ಆ ಕೈ ಹಿಡಿದಳು. ಹಿಡಿದ ರಭಸಕ್ಕೆ ಎರಡು ಬಳೆ ಚಟಚಟನೆ ಒಡೆದವು.

"ತಿನ್ನಬ್ಯಾಡವ್ವ! ನಮ್ದು ಸೂತಕದ ಮನೆ. ರಶ್ಮಿ ಹೋಗಿ ನಾಕು ತಿಂಗ್ಳಾತು."

ಲತಾ ಅರ್ಥವಾಗದವಳಂತೆ ನೋಡಿದಳು. "ಏನಂತೀಯವ್ವ? ನಿನ್ನೆ ಮಾತಾಡಿದ್ಲಲ್ಲ ನಂಕೂಟ?"

"ಅದು ಹಳೇದು. ನಾ ಕಳಿಸಿದ್ದು."

ಅಂಜಿನವ್ವನ ಬಾಯಲ್ಲಿದ್ದ ಮರ್ಯಾದೆಯ 'ರಿ' ಹೋಗಿತ್ತು. "ಸಾವನ್ನ ಡಬ್ಬಿಗೆ ತುಂಬ್ಕಂಡು ಕುಬಸಕ್ಕೆ ಬಂದೀಯಾ? ಕುಬಸದ ಬಳೆ ಒಡ್ದೆಯಲ್ಲೇ! ಎರಡು ಕಳ್ಕಂಡ ಹುಡುಗಿ ಅದು. ನೀನೂ ಹೆತ್ತೋಳಲ್ಲೇನೇ?"

ಯಾರೋ ಬಳೆಚೂರು ಗುಡಿಸಿದರು, ಯಾರೋ ಅರಿಶಿನದ ನೀರು ಚಿಮುಕಿಸಿದರು. ಲತಾ "ರಶ್ಮೀ, ರಶ್ಮೀ" ಎಂದು ಬಿಕ್ಕುತ್ತಿದ್ದಳು. ಅವಳ ಬಾಯಿ ಮುಚ್ಚಿ ಒಳಗೆ ಕರೆದುಕೊಂಡು ಹೋದರು. ಡಬ್ಬಿಗಳು ಬೀದಿಗೆ ಬಂದವು. ಎಂಬತ್ತು ತುಂಡನ್ನೂ ಓಬವ್ವ ತೊಡೆಯ ಮೇಲಿಟ್ಟುಕೊಂಡು ವಾಪಸು ಬಂದಳು.

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ಸಂಜೆಯಿಂದ ಫೋನು ಸದ್ದು ಮಾಡತೊಡಗಿತು. ಓಂ ಶಾಂತಿ. ಓಂ ಶಾಂತಿ. ಕೈ ಮುಗಿದ ಚಿತ್ರಗಳು, ದೀಪದ ಚಿತ್ರಗಳು. ಒಬ್ಬರು ರಶ್ಮಿಯ ಫೋಟೋಕ್ಕೇ ಹಾರ ಹಾಕಿ ರಶ್ಮಿಗೇ ಕಳಿಸಿದ್ದರು. "ಸತ್ತವಳ ಹೆಸರಲ್ಲಿ ನಮಗೆ ಏನು ತಿನ್ನಿಸಿದಿರಿ?" ಎಂದು ಒಬ್ಬರು. ಕೊನೆಯದು ಪಿ.ಜೆ. ಬಡಾವಣೆಯ ಆ ಮೊದಲ ಹೆಂಗಸಿನ ದನಿ: "ಇದು ನಿಜಾನಾ? ಯಾರಾದ್ರೂ ಹೇಳಿ." ಅದರಲ್ಲಿ ರಶ್ಮಿ ಎಂಬ ಹೆಸರಿರಲಿಲ್ಲ.

ಅದನ್ನು ಕೇಳಿದ ಮೇಲೆ ಓಬವ್ವ ನೆಲದ ಮೇಲೆ ಉರುಳಿ ಅತ್ತಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದರು. ಆಡಿಕೊಂಡವರೂ ಬಂದರು. ತಲೆ ನೇವರಿಸಿದರು, ನೀರು ಕುಡಿಸಿದರು. ಯಾವ ಮಾತೂ ಅವಳನ್ನು ತಲುಪಲಿಲ್ಲ.

ಆಮೇಲೆ ಆ ಮನೆಯ ಒಲೆ ಹೊತ್ತಲಿಲ್ಲ. ಫೋನು ಖಾಲಿಯಾಗಿ ಆರಿಹೋಯಿತು, ಯಾರೂ ಚಾರ್ಜಿಗೆ ಹಾಕಲಿಲ್ಲ. ಮಾಬೂಬೀ ತಂದ ಅನ್ನ ಮುಚ್ಚಿಟ್ಟಂತೆಯೇ ಹಳಸುತ್ತಿತ್ತು. "ಲತಾ ಹೆಂಗದಾಳಂತೆ? ಕೂಸು?" ಎಂದು ಓಬವ್ವ ದಿನವೂ ಕೇಳುತ್ತಿದ್ದಳು. ಹರಿಹರದಿಂದ ಯಾವ ಸುದ್ದಿಯೂ ಬರಲಿಲ್ಲ. ವಾರ ಕಳೆದ ಮೇಲೆ ಮಾಬೂಬೀಯೇ ಕೊಕ್ಕನೂರಿಗೆ ಹೇಳಿ ಕಳಿಸಿದಳು.

ಕಾಟಪ್ಪ ಬೆಳಿಗ್ಗೆ ಆಟೊ ಮಾಡಿಸಿಕೊಂಡು ಬಂದ. ಒಯ್ಯುವಂಥದ್ದು ಹೆಚ್ಚೇನೂ ಇರಲಿಲ್ಲ: ಚಾಪೆ, ಎರಡು ಬಟ್ಟೆಯ ಗಂಟು, ಒಂದು ಕೊಡ. ಓಬವ್ವ ಗೋಡೆ ಹಿಡಿದು ಮೆಟ್ಟಿಲು ಇಳಿದಳು. ಮಾಬೂಬೀ ರಟ್ಟೆ ಹಿಡಿದಳು. "ಮೈ ಸರಿ ಆದ್ಮ್ಯಾಲೆ ಬಾ ಅಕ್ಕಾ."

"ಯಾರ ಮನಿಗೆ ಬರ್ಲವ್ವ?" ಎಂದಳು ಓಬವ್ವ.

ಆಟೊದ ಹತ್ತಿರ ನಿಂತು ತಮ್ಮನನ್ನು ಕೇಳಿದಳು, "ಹರಿಹರದ ಮ್ಯಾಲೇ ಹೋಗ್ಬೇಕೇನೋ?"

"ಬ್ಯಾರೆ ದಾರಿನೂ ಐತಕ್ಕ. ಭಾಳ ಸುತ್ತಾಗ್ತತೆ."

"ಸುತ್ತಾಗ್ಲಿ."

ಕಾಟಪ್ಪ ಬಾಗಿಲಿಗೆ ಬೀಗ ಹಾಕಿ ಬಂದ. ಗಂಟುಗಳು ತುಂಬಿ ಉಳಿದ ಒಂದು ಮೊಳ ಜಾಗದಲ್ಲಿ ಓಬವ್ವ ಕೂತು, ಕಾಲು ಒಳಗೆಳೆದುಕೊಂಡಳು. ಆಟೊ ಹೊರಟಿತು.