ಒಣ ಎಂಜಿನ್ನಿನ ನೀರು

ದೆವ್ವ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುವ ಮನುಷ್ಯ ನಾನು. ಇಗರ್ಜಿಗೆ ಹೋಗುತ್ತೇನೆ, ಅದು ಬೇರೆ ವಿಷಯ. ಮೂರ್ತಿ ಕಣ್ಣೀರು ಸುರಿಸಿತು, ಸತ್ತವರು ಬಂದು ಬಾಗಿಲು ತಟ್ಟಿದರು ಎಂಬ ಕಥೆಗಳನ್ನು ನಾನು ಎಂದೂ ನಂಬಿದವನಲ್ಲ. ಈಗಲೂ ನಂಬುವುದಿಲ್ಲ ಎಂದು ಧೈರ್ಯವಾಗಿ ಹೇಳಿಬಿಡಬಹುದಿತ್ತು. ಆದರೆ ಹಾಗೆ ಹೇಳಲು ಬಿಡದ ಒಂದು ಮಧ್ಯಾಹ್ನ ನನ್ನ ಆಯುಷ್ಯದಲ್ಲಿದೆ. ಇಂಥದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ ಎಂದು ಬರೆಯುವುದು ವಾಡಿಕೆ. ನನಗೆ ಹಾಗಾಗುವುದಿಲ್ಲ, ಮೈ ಉರಿಯುತ್ತದೆ.

ಎಂಬತ್ತರ ದಶಕದ ನಡುವಿನಲ್ಲಿ ನಾನು ಸೌದಿಯ ತಬೂಕಿನಲ್ಲಿ ಗ್ಯಾಸ್ ಕಟರ್ ಆಗಿದ್ದೆ. ಗ್ಯಾಸಿನ ಬೆಂಕಿಯಿಂದ ಕಬ್ಬಿಣ ಕತ್ತರಿಸುವ ಕೆಲಸ. ತುರ್ಕಿಯವರ ಕಾಲದಲ್ಲಿ ಆ ದಾರಿಯಾಗಿ ಮದೀನಾಕ್ಕೆ ಒಂದು ರೈಲು ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರೂ ಅರಬರೂ ಸೇರಿ ಹಳಿಗಳನ್ನು ಸಿಡಿಸಿದ ಮೇಲೆ ಆ ಕಡೆ ರೈಲು ನಿಂತೇ ಹೋಯಿತು. ಕೆಲವು ಎಂಜಿನ್‌ಗಳು ಮರಳಿನಲ್ಲಿ ನಿಂತಲ್ಲೇ ಉಳಿದವು. ನಮ್ಮ ಕಂಪೆನಿ ರಸ್ತೆ ಮಾಡುತ್ತಿತ್ತು. ಅಡ್ಡ ಬಂದ ಹಳೆ ಕಬ್ಬಿಣವನ್ನು ತುಂಡು ಮಾಡುವುದು ನನ್ನ ಪಾಲಿಗೆ ಬಂತು. ಜೊತೆಗಿದ್ದವರು ಉಳ್ಳಾಲದ ಹಸನಾಕ, ನನಗಿಂತ ಹತ್ತು ವರ್ಷ ದೊಡ್ಡವರು. ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ನಮ್ಮ ಕಡೆ ಕ್ರಿಸ್ತುವರನ್ನು ಕರೆಯುವ ಹಾಗೆ ಪೊರ್ಬು ಎನ್ನುತ್ತಿದ್ದರು.

ಆ ಎಂಜಿನ್ ತೀರಾ ಸಣ್ಣದು. ಹಿಂದೆ ಕಲ್ಲಿದ್ದಲಿನ ಬೋಗಿ ಇಲ್ಲ, ಬಾಯ್ಲರಿನ ಎರಡೂ ಪಕ್ಕಕ್ಕೆ ಅಂಟಿಕೊಂಡು ನೀರಿನ ಟಾಂಕಿಗಳು. ಅಂಥ ಪುಟ್ಟ ಎಂಜಿನ್‌ಗಳನ್ನು ಬ್ರಿಟಿಷರು ತಮ್ಮ ಹಳ್ಳಿ ಲೈನುಗಳಲ್ಲೂ ಓಡಿಸುತ್ತಿದ್ದರಂತೆ. ಮುಚ್ಚಿದ ಟಾಂಕಿಗೆ ಬೆಂಕಿ ಹಿಡಿಯುವ ಮೊದಲು ಒಳಗೆ ಏನಿದೆ ಎಂದು ನೋಡದವನು ಗ್ಯಾಸ್ ಕಟರ್ ಅಲ್ಲ, ಹೆಣ. ಹಾಗಾಗಿ ಬೆಳಿಗ್ಗೆಯೇ ಎರಡನ್ನೂ ನೋಡಿದ್ದೆ. ಎಡಗಡೆಯದು ಒಡೆದು ಬಾಯಿ ಬಿಟ್ಟಿತ್ತು. ಬಲಗಡೆಯ ಟಾಂಕಿಯ ತಳ ತುಕ್ಕು ತಿಂದು ತೂತಾಗಿತ್ತು. ಕೆಳಗಿನಿಂದ ಕೈ ತೂರಿಸಿದರೆ ಮೊಣಕೈವರೆಗೆ ಒಳಗೆ ಹೋಯಿತು. ಸಿಕ್ಕಿದ್ದು ಒಂದು ಹಿಡಿ ಒಣ ಮರಳು, ಮೇಲೆಲ್ಲ ಖಾಲಿ. ಇದನ್ನು ನೆನಪಿನಲ್ಲಿಡಿ, ಯಾಕೆಂದರೆ ಆಮೇಲೆ ಎಲ್ಲರೂ ನನಗೆ ಹೇಳಿದ್ದು "ನೀನು ಸರಿಯಾಗಿ ನೋಡಿರಲಿಕ್ಕಿಲ್ಲ" ಎಂದು.

ನಮ್ಮನ್ನು ಪಿಕಪ್ಪಿನಲ್ಲಿ ತಂದು ಬಿಟ್ಟ ಸೂಪರ್‌ವೈಸರ್ ಅರಬನಲ್ಲ, ನಮ್ಮ ಜಿಲ್ಲೆಯವನೇ. ಹೊರಡುವಾಗ ಅವನ ಗಾಡಿಯ ರೇಡಿಯೇಟರ್ ಕುದಿಯುತ್ತಿತ್ತು. ನಮ್ಮ ಕುಡಿಯುವ ನೀರಿನ ಕ್ಯಾನನ್ನೇ ಎತ್ತಿ ಅದಕ್ಕೆ ಸುರಿದ. ಉಳಿದದ್ದನ್ನು ಗಾಡಿಯಲ್ಲೇ ಇಟ್ಟುಕೊಂಡ.

"ನಮಗೆಂತ ಕುಡಿಯಲಿಕ್ಕೆ?" ಎಂದೆ.

"ಒಂದು ಗಂಟೆಯಲ್ಲಿ ಬರ್ತೇನೆ ಮಾರಾಯ. ಅಷ್ಟರಲ್ಲಿ ಸಾಯ್ತೀರಾ? ಯಲ್ಲಾ, ಕೆಲಸ ಶುರು ಮಾಡಿ" ಎಂದು ಹೊರಟೇ ಹೋದ. ಕ್ಯಾಂಪಿನಲ್ಲಿ ಉಂಡು, ಎಸಿ ಹಾಕಿ ಮಲಗಿದ್ದನೆಂದು ಆಮೇಲೆ ಗೊತ್ತಾಯಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಮಧ್ಯಾಹ್ನವಾಗುವಾಗ ಹಸನಾಕನ ಬೆವರು ನಿಂತಿತು. ಮರುಭೂಮಿಯಲ್ಲಿ ಕೆಲಸ ಮಾಡಿದವರಿಗೆ ಅದರ ಅರ್ಥ ಗೊತ್ತು. ಎಂಜಿನ್ನಿನ ನೆರಳಿಗೆ ಎಳೆದು ಮಲಗಿಸಿದೆ. ತುಟಿ ಬಿಳುಚಿತ್ತು, ಮಾತು ತೊದಲುತ್ತಿತ್ತು. ಮನೆಯಲ್ಲೇ ಇದ್ದೇನೆಂಬ ಹಾಗೆ ಹೆಂಡತಿಯ ಹತ್ತಿರ ನೀರು ಕೇಳುತ್ತಿದ್ದರು. ಸುತ್ತ ಕಣ್ಣು ಹಾಯುವಷ್ಟು ದೂರ ಒಂದು ಡೇರೆ ಇಲ್ಲ. ನನಗೆ ಅಳು ಬರಲಿಲ್ಲ, ಪ್ರಾರ್ಥನೆಯೂ ಬರಲಿಲ್ಲ. ಬಂದದ್ದು ಸಿಟ್ಟು. ಸುತ್ತಿಗೆ ತೆಗೆದುಕೊಂಡು, ಆ ಸೂಪರ್‌ವೈಸರನ ತಲೆಯೇ ಎಂದುಕೊಂಡು, ಬಲಗಡೆಯ ಟಾಂಕಿಗೆ ಬಾರಿಸಿದೆ.

ಖಾಲಿ ಟಾಂಕಿ ಠಣ್ ಎನ್ನಬೇಕು. ಅದು ದಬ್ ಎಂದಿತು. ತುಂಬಿದ ಟಾಂಕಿಯ ಸದ್ದು ನನ್ನ ಕೈಗೇ ಗೊತ್ತು. ಇನ್ನೊಮ್ಮೆ ಬಾರಿಸಿದೆ, ಮತ್ತೆ ಅದೇ ಸದ್ದು. ಕೆಳಗಿದ್ದ ಸಣ್ಣ ಹಿತ್ತಾಳೆ ನಲ್ಲಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದೆ. ಮೊದಲು ತುಕ್ಕು ಉದುರಿತು, ಆಮೇಲೆ ನೀರು ಬಂತು.

ಬೆಚ್ಚಗಿನ ನೀರು. ಮಸಿಯ ವಾಸನೆ, ಕಬ್ಬಿಣದ ರುಚಿ. ಬುತ್ತಿ ಡಬ್ಬದಲ್ಲಿ ಹಿಡಿದು ಹಸನಾಕನಿಗೆ ಕುಡಿಸಿದೆ, ತಲೆಗೆ, ಎದೆಗೆ ಸುರಿದೆ, ನಾನೂ ಕುಡಿದೆ. ಸ್ವಲ್ಪ ಹೊತ್ತಿಗೆ ಅವರು ಕಣ್ಣು ಬಿಟ್ಟು "ಎಲ್ಲಿಂದ ಪೊರ್ಬು?" ಎಂದರು. ನಾನು ಎಂಜಿನ್ ತೋರಿಸಿದೆ. ಸಂಜೆ ದೂರದಲ್ಲಿ ಪಿಕಪ್ಪಿನ ಧೂಳು ಕಾಣುವವರೆಗೂ ನೀರು ಬರುತ್ತಿತ್ತು. ಆಮೇಲೆ ನಿಂತಿತು. ಕೆಳಗೆ ತೂರಿ ನೋಡಿದರೆ ತೂತು ಇದ್ದ ಹಾಗೆಯೇ ಇದೆ. ಕೈ ಹಾಕಿದೆ. ಒಣ ಮರಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನೂ ಎಲ್ಲರ ಹಾಗೆ ದೇವರು ದೊಡ್ಡವನು ಎಂದು ಕೈ ಮುಗಿದುಬಿಡುತ್ತಿದ್ದೆ.

ಮರುದಿನ ಕ್ಯಾಂಪ್ ಮ್ಯಾನೇಜರನ ಮುಂದೆ ದೂರು ಕೊಟ್ಟೆ. ಈ ಮನುಷ್ಯನನ್ನು ಕೆಲಸಗಾರರ ಮೇಲೆ ಇಡಬೇಡಿ, ಇವತ್ತಲ್ಲ ನಾಳೆ ಯಾರನ್ನಾದರೂ ಕೊಲ್ಲುತ್ತಾನೆ ಎಂದೆ. ಸೂಪರ್‌ವೈಸರ್ ನಗುತ್ತಲೇ ಹೇಳಿದ: "ಅಲ್ಲಿ ನೀರಿತ್ತು ಸಾರ್. ಸಂಜೆ ನಾನು ಕರಕೊಂಡು ಬರ್ಲಿಕ್ಕೆ ಹೋದಾಗ ಹಸನಾಕನ ಅಂಗಿ ನೀರಿನಲ್ಲಿ ಚಂಡಿಯಾಗಿತ್ತು. ಅವರನ್ನೇ ಕೇಳಿ."

ಹಿಂದಿನ ರಾತ್ರಿಯೇ ನಾನು ಹಸನಾಕನನ್ನು ಬೇಡಿಕೊಂಡಿದ್ದೆ, ಕಾಲು ಹಿಡಿಯುವುದೊಂದು ಬಾಕಿ. "ನೀರಿನ ಸುದ್ದಿ ಎತ್ತಬೇಡಿ, ಇಲ್ಲ ಎಂದುಬಿಡಿ" ಎಂದಿದ್ದೆ. ಅವರು ತಲೆ ಅಲ್ಲಾಡಿಸಿದ್ದರು. "ಜೀವ ಉಳಿಸಿದ ನೀರನ್ನು ಇಲ್ಲ ಅಂತ ಹೇಗೆ ಹೇಳುವುದು ಪೊರ್ಬು? ನಾಲಿಗೆ ಬಿದ್ದು ಹೋಗ್ತದೆ."

ಮ್ಯಾನೇಜರ್ ಕೇಳಿದಾಗಲೂ ಅವರು ಅದನ್ನೇ ಹೇಳಿದರು. ನೀರಿತ್ತು, ಎಂಜಿನ್ನಿನಲ್ಲಿತ್ತು, ಕುಡಿದೆವು. ಅಲ್ಲಿಗೆ ದೂರು ಮುಗಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಪೂಜಾರಿ ದೇವರ ವರವನ್ನೇ ತೋರಿಸಿ ತಾನು ಪಾರಾದ. ಆ ಎಂಜಿನ್ನನ್ನು ಇನ್ನು ಮುಟ್ಟುವುದಿಲ್ಲ ಎಂದು ನಾನು ಹಟ ಹಿಡಿದೆ. ನನ್ನನ್ನು ಸೌದಿಯ ಇನ್ನೊಂದು ತುದಿಯ ದಮ್ಮಾಮಿಗೆ ಎತ್ತಿ ಹಾಕಿದರು.

ಮುಂದಿನ ಬೇಸಗೆಯಲ್ಲಿ ತಬೂಕಿನಿಂದ ಹಸನಾಕನ ಫೋನ್ ಬಂತು. ಮಾತಾಡಲಿಕ್ಕೆ ಆಗದೆ ಅಳುತ್ತಿದ್ದರು. ನನ್ನ ಜಾಗಕ್ಕೆ ಗೋರಖ್‌ಪುರದ ಒಬ್ಬ ಬಂದಿದ್ದನಂತೆ, ಹೊಸದಾಗಿ ಮದುವೆಯಾದವನು. ಅವನೊಬ್ಬನನ್ನೇ, ಕತ್ತರಿಸದೆ ಉಳಿದಿದ್ದ ಅದೇ ಎಂಜಿನ್ ಕತ್ತರಿಸಲು ಬಿಟ್ಟರು. ಕ್ಯಾನ್ ಕೇಳಿದ್ದಕ್ಕೆ ಸೂಪರ್‌ವೈಸರ್ "ಎಂಜಿನ್ನಿನಲ್ಲೇ ನೀರಿದೆ, ಹೋದ ವರ್ಷ ನಮ್ಮವರು ಅದನ್ನೇ ಕುಡಿದದ್ದು" ಎಂದನಂತೆ. ಮರುದಿನ ಸಿಕ್ಕಿದಾಗ ಆ ಹುಡುಗ ನಲ್ಲಿಯ ಕೆಳಗೆ ಬಿದ್ದಿದ್ದ, ಕೈಯಲ್ಲಿ ಸ್ಪ್ಯಾನರ್. ನಲ್ಲಿ ಪೂರ್ತಿ ತೆರೆದಿತ್ತು.

ಸೂಪರ್‌ವೈಸರನಿಗೆ ಏನೂ ಆಗಲಿಲ್ಲ. ಎಂಜಿನ್ನಿನಲ್ಲಿ ನೀರಿತ್ತು ಎಂಬ ಹೋದ ವರ್ಷದ ಹಸನಾಕನ ಮಾತೇ ಅವನಿಗೆ ಸಾಕ್ಷಿಯಾಯಿತು. ಕೆಲವು ವರ್ಷಗಳ ಹಿಂದೆ ಮಂಗಳೂರಿನ ಒಂದು ಮದುವೆಯಲ್ಲಿ ಎದುರಾದ. "ಎಂತ ಪೊರ್ಬು, ಆರಾಮಾ?" ಎಂದು ಕೈ ಚಾಚಿದ. ನಾನು ಊಟದ ತಟ್ಟೆ ಅಲ್ಲೇ ಬಿಟ್ಟು ಹೊರಗೆ ಬಂದೆ.

ಬಿಸಿಲಿಗೆ ನಿನ್ನ ತಲೆ ಕೆಟ್ಟಿತ್ತು ಎನ್ನುತ್ತಾರೆ ಡಾಕ್ಟರು. ಹಾಗಾದರೆ ಹಸನಾಕನ ಅಂಗಿ ಒದ್ದೆಯಾದದ್ದು ಹೇಗೆ? ದೇವರ ಕೃಪೆ ಎನ್ನುತ್ತಾರೆ ಪಾದ್ರಿಗಳು. ಆ ಮಾತು ಕೇಳಿದರೆ ನನಗೆ ಇನ್ನೂ ಸಿಟ್ಟು. ಅಂದು ನೀರು ಬರದೇ ಇದ್ದಿದ್ದರೆ ಸಾಯುತ್ತಿದ್ದವರು ನಾವು. ಸೂಪರ್‌ವೈಸರ್ ಜೈಲಿನಲ್ಲಿರುತ್ತಿದ್ದ, ಆ ಹುಡುಗ ಊರಿನಲ್ಲಿ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದ. ನೀರು ಕೊಟ್ಟದ್ದು ದೇವರೋ, ದೆವ್ವವೋ, ಆ ಹಾಳು ಎಂಜಿನ್ನೋ ನನಗೆ ತಿಳಿಯದು, ತಿಳಿಯುವ ಆಸೆಯೂ ಉಳಿದಿಲ್ಲ. ಯಾರೇ ಆಗಿರಲಿ, ಸಿಕ್ಕಿದರೆ ಕೇಳುವುದು ಒಂದೇ: ಆ ಹುಡುಗನಿಗೆ ಯಾಕೆ ಕೊಡಲಿಲ್ಲ?