ಸಂಧಾನಮ್ಮನ ಪ್ರಾಕ್ಟಿಕಲ್ಸ್

ಕಾಲೇಜಿನಲ್ಲಿ ಶಾಂತಿ ಮತ್ತು ಸಾಮಾಜಿಕ ನ್ಯಾಯದ ತರಗತಿಗೆ ಸೇರಿದ ಮೇಲೆ ಗೆಳತಿಯರು ಅವಳಿಗಿಟ್ಟ ಹೆಸರು ಸಂಧಾನಮ್ಮ. ಪುಸ್ತಕ ಓದಿದರೆ ಸಾಲದು, ನಿಜವಾದ ಜಗಳಕ್ಕಿಳಿದೇ ಕಲಿಯಬೇಕು ಎಂದು ಮೇಷ್ಟ್ರು ಹೇಳಿದ್ದೇ ತಡ, ಬಸ್ಸಿನ ಸೀಟಿಗಾಗಲಿ, ಕ್ಯಾಂಟೀನಿನ ಕುರ್ಚಿಗಾಗಲಿ, ಎಲ್ಲಿ ದನಿ ಏರಿದರೂ ಅವಳು ಹಾಜರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವಾಗ ಒಂದಕ್ಷರ ಕೂಡಿಸಬಾರದು, ಕಳೆಯಬಾರದು ಎಂಬುದು ಅಲ್ಲಿಯ ಮೊದಲ ಪಾಠ; ಅದನ್ನವಳು ಚಾಚೂ ತಪ್ಪದೆ ಪಾಲಿಸುತ್ತಾಳೆ. ಬೀದಿ ನಲ್ಲಿಯ ಮುಂದೆ ಇಬ್ಬರು ಹೆಂಗಸರು ಕಿತ್ತಾಡುತ್ತಿದ್ದಾಗ ನಡುವೆ ನಿಂತು, "ಆಂಟಿ, ಇವ್ರು ಈಗ ನಿಮ್ಮನ್ನ ಬಜಾರಿ ಅಂದ್ರು. ನಿಮಗೆ ಹೇಗನ್ನಿಸ್ತು, ಹೇಳಿ" ಎಂದಳು. ಅಲ್ಲಿಯವರೆಗೆ ಆಂಟಿಗೆ ಆ ಮಾತು ಕೇಳಿಸಿರಲಿಲ್ಲ. ಕೇಳಿಸಿದ್ದೇ ತುಂಬಿದ ಕೊಡವನ್ನೆತ್ತಿ ಇಬ್ಬರ ಮೇಲೂ ಸುರಿದರು. ಒದ್ದೆ ಬಟ್ಟೆಯಲ್ಲೇ ತರಗತಿಗೆ ಬಂದ ಸಂಧಾನಮ್ಮ, ಎರಡೂ ಕಡೆಯವರು ಮನಸ್ಸು ಬಿಚ್ಚಿದರು ಎಂದು ವರದಿ ಒಪ್ಪಿಸಿದಳು. ಮನೆಯಲ್ಲಿ ಮಾತ್ರ ಕತೆ ಬೇರೆ. ಅಪ್ಪನ ಟೈಲರ್ ಅಂಗಡಿಯಲ್ಲಿ ಕೂರಲ್ಲ ಎಂದು ಅಣ್ಣ ಬಸ್ ಡಿಪೋ ಸೇರಿದಾಗಿನಿಂದ ಅಪ್ಪ ಮಗನಿಗೆ ಮಾತಿಲ್ಲ. ಉಪ್ಪು ಬೇಕಾದರೂ ಅವಳೇ ನಡುವಿನವಳು. ಕೊನೆಗೆ ಅಣ್ಣ ಬೇರೆ ರೂಮು ಹಿಡಿದು, ಬ್ಯಾಗು ಹೆಗಲಿಗೇರಿಸಿ ಹೊರಟ. ಅಪ್ಪ ಸೂಜಿಗೆ ದಾರ ಪೋಣಿಸುತ್ತಾ, "ಹೋಗೋನು ಹೋಗ್ಲಿ, ಇನ್ನು ಈ ಕಡೆ ತಲೆ ಹಾಕೋದು ಬೇಡ ಅನ್ನು" ಎಂದರು. ಅವಳು ಬಾಗಿಲಿಗೆ ಓಡಿದಳು. "ಅಣ್ಣಾ, ಭಾನುವಾರ ಊಟಕ್ಕೆ ಬರ್ಬೇಕಂತೆ. ಅಪ್ಪ ಹೇಳಿದ್ರು." ಚಪ್ಪಲಿ ಮೆಟ್ಟುತ್ತಿದ್ದ ಅಣ್ಣ ತಲೆಯೆತ್ತಲಿಲ್ಲ. "ಅಪ್ಪ ಏನಂದ್ರು ಅಂತ ನಂಗೂ ಕೇಳಿಸ್ತು ಕಣೇ" ಎಂದ. ಚಪ್ಪಲಿ ಮೆಟ್ಟಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತ. "ಬರ್ತಾನಂತೆ ಅಂತ ಹೇಳು."