ಕಿಟಕಿಯಿಂದ ಎಸೆದ ಟವಲ್

ಕಳೆದ ಬೇಸಿಗೆಯಲ್ಲಿ ಮಾನ್ವಿಯ ನಮ್ಮ ಕಚೇರಿಯವರಿಗೆಲ್ಲ ಮನಸ್ಸನ್ನು ಹತೋಟಿಯಲ್ಲಿಡುವ ತರಬೇತಿ ಕೊಟ್ಟರು. ಹೊರಗೆ ಡಾಂಬರು ಕರಗುವ ಬಿಸಿಲು. ಒಳಗೆ ತರಬೇತುದಾರರು, "ಕಣ್ಣು ಮುಚ್ಚಿ, ಸಮುದ್ರದ ದಂಡೆಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ" ಎಂದರು. ರಾಯಚೂರಿನವನಿಗೆ ಸಮುದ್ರ ಎಲ್ಲಿಂದ ಬರಬೇಕು? ಕೃಷ್ಣೆಯ ಒಣ ಮರಳನ್ನೇ ನೆನೆದು ಅಡ್ಜಸ್ಟ್ ಮಾಡಿಕೊಂಡೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಅವರು ಮೈಕಿನವನಿಗೆ ಬೈದದ್ದು ಮೈಕಿಲ್ಲದೆಯೂ ಕೊನೆಯ ಸಾಲಿಗೆ ಚೆನ್ನಾಗಿ ಕೇಳಿಸಿತು.

ಆದರೂ ಅಂದಿನಿಂದ ನಾನು ಶಾಂತಮೂರ್ತಿಯಾದೆ. ಸಿಟ್ಟು ಬಂದಾಗಲೆಲ್ಲ ಮೂಗಿನಿಂದ ಉಸಿರೆಳೆದು ನಿಧಾನವಾಗಿ ಬಿಡುತ್ತಿದ್ದೆ. ಹೆಂಡತಿ ನೆಗಡಿಯೆಂದು ತಿಳಿದು ಕಷಾಯ ಕಾಸಿಕೊಟ್ಟಳು.

ನಿಜವಾದ ಪರೀಕ್ಷೆ ಬಂದದ್ದು ರಾಯಚೂರಿನಲ್ಲಿ ಅವ್ವನ ಕಣ್ಣಿನ ಆಪರೇಷನ್ ಆದ ಮೇಲೆ. "ಗದ್ದಲದಲ್ಲಿ ನಿಲ್ಲಿಸಬೇಡಿ. ಯಾರದಾದರೂ ಮೊಣಕೈ ತಗುಲಿದರೆ ಕಣ್ಣು ಹೋದೀತು" ಎಂದು ಡಾಕ್ಟರು ಎಚ್ಚರಿಸಿದ್ದರು. ಅವ್ವನನ್ನು ದೇವದುರ್ಗದ ಅಣ್ಣನ ಮನೆಗೆ ಬಿಡಬೇಕಿತ್ತು. ಕಾರು ಮಾಡುತ್ತೇನೆಂದೆ.

"ಕಾರಿನಾಗ ಹೊಟ್ಟಿ ತೊಳಸ್ತದ. ಬಸ್ಸಿನಾಗ ಪುಕ್ಕಟೆ ಕರಕೊಂಡು ಹೋಗಾಕತ್ತಾರ, ನಿನಗ್ಯಾಕ ಶ್ರೀಮಂತಿಕಿ?" ಎಂದಳು.

ನಮ್ಮ ಕಡೆಯ ಬಸ್‌ಸ್ಟ್ಯಾಂಡಿಗೆ ತನ್ನದೇ ಕಾನೂನಿದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಎಸೆದರೆ ಆ ಸೀಟು ನಿಮ್ಮದು. ಇಡೀ ದೇಶದಲ್ಲಿ ಇಷ್ಟು ಸಲೀಸಾಗಿ ಆಸ್ತಿ ನೋಂದಣಿ ಬೇರೆಲ್ಲೂ ಆಗಲಿಕ್ಕಿಲ್ಲ. ನಾನೂ ಗುರಿಯಿಟ್ಟು ಎಸೆದೆ. ಅವ್ವನನ್ನು ಹತ್ತಿಸಿಕೊಂಡು ಒಳಗೆ ಹೋಗುವಷ್ಟರಲ್ಲಿ ದಪ್ಪ ಮೀಸೆಯವನೊಬ್ಬ ಆ ಸೀಟಿನಲ್ಲಿ ಕೂತು, ನನ್ನ ಟವಲಿನಿಂದಲೇ ಬೆವರು ಒರೆಸಿಕೊಳ್ಳುತ್ತಿದ್ದ.

"ಅದು ನನ್ನ ಟವಲ್ ರೀ" ಎಂದೆ.

"ಹೌದೇನ್ರಿ? ತಗೋರಿ" ಎಂದು ಬಹಳ ಮರ್ಯಾದೆಯಿಂದ ಟವಲ್ ಕೊಟ್ಟ. ಸೀಟು ಕೊಡಲಿಲ್ಲ.

ಮೂಗಿನಿಂದ ಉಸಿರೆಳೆದೆ. ಬಸ್ಸು ಹೊರಟಿತು. ಕರಿ ಕನ್ನಡಕ ಹಾಕಿಕೊಂಡ ಅವ್ವ ಕಂಬಿ ಹಿಡಿದು ತೂಗಾಡುತ್ತಿದ್ದಳು. ಯಾರದೋ ಚೀಲ ಅವಳ ಮುಖದ ಹತ್ತಿರವೇ ಹಾದುಹೋಯಿತು. ಮೀಸೆಯವನನ್ನು ಎಳೆದು ಎಬ್ಬಿಸಬೇಕೆನಿಸಿತು. ಆದರೆ ತರಬೇತಿ ತರಬೇತಿಯೇ. ಕಣ್ಣು ಮುಚ್ಚಿ ಕೃಷ್ಣೆಯ ಮರಳಿಗೆ ಹೋದೆ.

ಅಲ್ಲಿಗೆ ಅವ್ವನ ದನಿ ಕೇಳಿಸಿತು.

"ಏ ತಮ್ಮಾ! ಕಣ್ಣು ಕೊಯ್ಸಿಕೊಂಡಾಕಿ ನಾನು, ಕಾಣದಂಗ ಕುಂತಾವ ನೀನು! ಏಳ್ತಿಯೋ, ನಿನ್ನ ತೊಡಿ ಮ್ಯಾಲ ಕುಂದರ್ಲ್ಯೋ?"

ಇಡೀ ಬಸ್ಸು ನಕ್ಕಿತು. ಮೀಸೆಯವನು ಎದ್ದ. ಅವ್ವ ಕೂತು, ಇನ್ನೂ ಒಂದಿಷ್ಟು ಬೈದು, ಸೆರಗು ಸರಿಮಾಡಿಕೊಂಡಳು. ಊರು ದಾಟುವ ಮೊದಲೇ ಪಕ್ಕದ ಹೆಣ್ಣುಮಗಳನ್ನು ಸರಿಸಿ, "ಬಾ, ಸಣ್ಣಗ ಕುಂದ್ರು. ಯಾವೂರಪ್ಪ?" ಎಂದು ಅವನನ್ನೇ ಕೇಳಿದಳು. ಜಾಲಹಳ್ಳಿಯವನಂತೆ. ಅವ್ವ ಅವನಿಗೆ ಹುರಿದ ಶೇಂಗಾ ಕೊಟ್ಟಳು. ಅರ್ಧ ದಾರಿಯಲ್ಲಿ ಇಬ್ಬರೂ ಬೀಗರ ಬೀಗರನ್ನು ಹುಡುಕಿಕೊಂಡಿದ್ದರು.

ಶಾಂತಮೂರ್ತಿಯಾದ ನಾನು ಮಾತ್ರ ಕಂಬಿ ಹಿಡಿದು, ಅವನಿಗೆ ಹೇಳಬೇಕಿದ್ದ ಮಾತುಗಳನ್ನು ಒಂದೊಂದಾಗಿ ಮಸೆಯುತ್ತಿದ್ದೆ. ಕೆಲವಂತೂ ಬಹಳ ಚೆನ್ನಾಗಿದ್ದವು.

ದೇವದುರ್ಗದಲ್ಲಿ ಅವನು ಅವ್ವನ ಕೈ ಹಿಡಿದು ಜೋಪಾನವಾಗಿ ಇಳಿಸಿದ. "ಬರ್ತೀನಿ ಯವ್ವಾ" ಎಂದ. ನನಗೂ "ಬರ್ತೀನ್ರಿ" ಎಂದ. ನಾನು ಬೇರೆ ಕಡೆ ನೋಡಿದೆ.

"ಅವನ ಮ್ಯಾಲ ಇನ್ನೂ ಸಿಟ್ಟದ ಏನು?" ಎಂದಳು ಅವ್ವ.

"ಇಲ್ಲ ಬೇ. ನಾ ಸಿಟ್ಟು ಬಿಟ್ಟು ಭಾಳ ದಿನಾತು."

ಅವ್ವ ಕರಿ ಕನ್ನಡಕದೊಳಗಿಂದ ನನ್ನ ಕೈ ನೋಡಿದಳು. ಟವಲನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದೆ.

"ನಾ ಬೈದು ಅಲ್ಲೇ ಬಿಟ್ಟು ಬಂದೆ" ಎಂದಳು. "ನೀ ಮನಿತನಕ ಹೊತಗೊಂಡು ಬರಾಕತ್ತಿ."